ಅವಿಶ್ವಾಸಿಯೂ ದೇವಕರುಣೆಯೂ: ಕ್ರೈಸ್ತಚಿಂತನೆಯ ಒಂದು ಹಳೆಯ ಪ್ರಶ್ನೆ

ಕ್ರೈಸ್ತಧರ್ಮವನ್ನು ಹೊರಗಿನಿಂದ ನೋಡುವ ಭಾರತೀಯನಿಗೆ ಅದರ ಎರಡು ಮಾತುಗಳು ಒಂದಕ್ಕೊಂದು ಹೊಂದದವುಗಳಂತೆ ತೋರುತ್ತವೆ. ದೇವರು ಪ್ರೇಮಸ್ವರೂಪನು, ಆತನ ಪ್ರೇಮಕ್ಕೆ ಹೊರತಾದ ಜೀವಿ ಒಂದೂ ಇಲ್ಲ ಎಂಬುದು ಮೊದಲನೆಯ ಮಾತು. ಕ್ರಿಸ್ತನನ್ನು ನಂಬದವನಿಗೆ ರಕ್ಷಣೆಯಿಲ್ಲ ಎಂಬುದು ಎರಡನೆಯದು. ಮೊದಲನೆಯದನ್ನು ಕೇಳಿ ಮೆಚ್ಚಿದವನೇ ಎರಡನೆಯದನ್ನು ಕೇಳಿ ಹಿಂಜರಿಯುತ್ತಾನೆ. ಇವು ಬೇರೆ ಬೇರೆ ಕಾಲದ, ಬೇರೆ ಬೇರೆ ಪಂಗಡದ ಮಾತುಗಳಾಗಿದ್ದರೆ ತೊಡಕು ಇಷ್ಟು ಬಿಗಿಯಾಗುತ್ತಿರಲಿಲ್ಲ. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ, ನಡುವೆ ಒಂದೇ ಒಂದು ವಚನವನ್ನು ಬಿಟ್ಟು, ಎರಡೂ ಒಟ್ಟಿಗೆ ಬರುತ್ತವೆ.

ಈ ತೊಡಕನ್ನು ದಾಟಲು ಎರಡು ಸುಲಭೋಪಾಯಗಳನ್ನು ಹಿಡಿಯುವುದುಂಟು. ಕ್ರೈಸ್ತಮತವು ಸಂಕುಚಿತವಾದುದು, ಅದರ ಪ್ರೇಮವೆಲ್ಲ ತನ್ನವರಿಗೆ ಮಾತ್ರ ಎಂದು ಹೇಳಿ ಮುಗಿಸುವುದು ಒಂದು. ಎಲ್ಲ ಮತಗಳೂ ಒಂದನ್ನೇ ಹೇಳುತ್ತವೆ, ಭೇದವೆಲ್ಲ ಪುರೋಹಿತರ ಸೃಷ್ಟಿ ಎಂದು ತೇಲಿಸಿಬಿಡುವುದು ಮತ್ತೊಂದು. ಎರಡೂ ವಿಷಯವನ್ನು ವಿವರಿಸುವುದಿಲ್ಲ. ಹತ್ತೊಂಬತ್ತು ಶತಮಾನಗಳ ಕಾಲ ಕ್ರೈಸ್ತರೇ ತಮ್ಮೊಳಗೆ ಈ ಪ್ರಶ್ನೆಯನ್ನು ಕುರಿತು ಜಗಳವಾಡಿದ್ದಾರೆ, ಅತ್ತಿದ್ದಾರೆ, ಬಹಿಷ್ಕಾರಗಳನ್ನು ಹಾಕಿದ್ದಾರೆ. ದೇವರು ಅವಿಶ್ವಾಸಿಯನ್ನು ಪ್ರೀತಿಸುವನೋ ಇಲ್ಲವೋ ಎಂಬುದು ಆ ಜಗಳದ ತಿರುಳಾಗಿರಲಿಲ್ಲ. ಪ್ರೀತಿಸುವನೆಂಬುದನ್ನು ಬಹುಮಟ್ಟಿಗೆ ಎಲ್ಲರೂ ಒಪ್ಪಿದ್ದರು. ಆ ಪ್ರೀತಿಯು ಸಭೆಯ ಬಾಗಿಲಿನ ಮೂಲಕವಲ್ಲದೆ ಬೇರೆ ದಾರಿಯಿಂದ ಅವನನ್ನು ಮುಟ್ಟಬಲ್ಲುದೇ ಎಂಬುದೇ ನಿಜವಾದ ಪ್ರಶ್ನೆ.

ಮೊದಲು ಶಬ್ದಗಳ ವಿಚಾರ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಕರುಣೆಗೆ ‘ರಹಮೀಮ್’ ಎಂಬ ಶಬ್ದವಿದೆ; ಅದು ಗರ್ಭಾಶಯವೆಂಬ ಅರ್ಥದ ‘ರೆಹೆಮ್’ ಶಬ್ದಕ್ಕೆ ಸಂಬಂಧಿಸಿದುದು. ಹೆತ್ತ ಕರುಳು ಎಂದು ಕನ್ನಡದಲ್ಲಿ ಹೇಳುವಾಗ ಬರುವ ಭಾವವೇ ಅಲ್ಲಿರುವುದು. ‘ಹೆಸೆದ್’ ಎಂಬುದು ಇನ್ನೊಂದು. ಅದು ಕೊಟ್ಟ ಮಾತಿಗೆ ತಪ್ಪದ ಪ್ರೀತಿ, ಒಡಂಬಡಿಕೆಗೆ ಬದ್ಧವಾದ ನಿಷ್ಠೆ. ಮೊದಲನೆಯದಕ್ಕೆ ಕರಾರಿನ ಅವಶ್ಯಕತೆಯಿಲ್ಲ. ಎರಡನೆಯದು ಕರಾರಿನಿಂದ ಹುಟ್ಟುತ್ತದೆ. ಮುಂದಿನ ವಾದಗಳ ಬೀಜವು ಈ ಎರಡು ಶಬ್ದಗಳ ನಡುವಣ ಬಿರುಕಿನಲ್ಲಿಯೇ ಇದೆಯೆನ್ನಬಹುದು. ಕನ್ನಡ ಬೈಬಲ್ಲಿನಲ್ಲಿ ಕೃಪೆ, ಕರುಣೆ, ಕನಿಕರ ಎಂಬ ಶಬ್ದಗಳು ಬಂದಿವೆ; ಭಕ್ತಿಸಾಹಿತ್ಯದಲ್ಲಿ ಪಳಗಿದ ಕಿವಿಗೆ ಇವು ಹೊಸವಲ್ಲ. ಆದರೆ ಇನ್ನೊಂದು ಶಬ್ದ ಗಮನಿಸತಕ್ಕದ್ದು. ಯೆಹೂದ್ಯರಲ್ಲದವರಿಗೆ ಮೂಲದಲ್ಲಿರುವ ಹೀಬ್ರೂ ಮತ್ತು ಗ್ರೀಕ್ ಶಬ್ದಗಳಿಗೆ ‘ಜನಾಂಗಗಳು’ ಎಂದಷ್ಟೇ ಅರ್ಥ. ಕನ್ನಡದಲ್ಲಿ ಅವರು ‘ಅನ್ಯಜನರು’ ಆದರು. ಗ್ರಂಥವನ್ನು ತೆರೆದ ಕನ್ನಡಿಗನನ್ನು ಅವನದೇ ಭಾಷೆಯು ‘ಅನ್ಯ’ನೆಂದು ಕರೆದು ಒಳಗೆ ಬರಮಾಡಿಕೊಂಡಿತು!

‘ಅವಿಶ್ವಾಸಿ’ ಎಂಬ ಒಂದು ಶಬ್ದದಲ್ಲಿಯೂ ಮೂವರು ಅಡಗಿದ್ದಾರೆ: ಸುವಾರ್ತೆಯನ್ನು ಕೇಳಿಯೇ ಇಲ್ಲದವನು, ಕೇಳಿ ಮನಸ್ಸಿಗೆ ಒಪ್ಪದವನು, ಒಪ್ಪಿಯೂ ಬೇಕೆಂದು ತಿರಸ್ಕರಿಸಿದವನು. ಇವರನ್ನು ಬೇರ್ಪಡಿಸದೆ ಮಾತನಾಡಿದುದರಿಂದಲೇ ಹಿಂದಿನ ಎಷ್ಟೋ ಕಠೋರವಾಕ್ಯಗಳು ಹುಟ್ಟಿದವು.

ಅನ್ಯಜನರ ಮೇಲಣ ದೇವಕರುಣೆಯನ್ನು ಹೇಳುವ ಕಥೆಗಳಲ್ಲಿ ಯೋನನ ಗ್ರಂಥಕ್ಕೆ ಸಮನಾದುದು ಇನ್ನೊಂದಿಲ್ಲ. ಇರುವುದು ನಾಲ್ಕೇ ಅಧ್ಯಾಯ. ಪ್ರವಾದಿಯಾದ ಯೋನನು ನಿನೆವೆ ಪಟ್ಟಣಕ್ಕೆ ಹೋಗಿ ಅದರ ದುಷ್ಟತನವನ್ನು ಖಂಡಿಸಬೇಕೆಂದು ದೇವರು ಆಜ್ಞಾಪಿಸುತ್ತಾನೆ. ನಿನೆವೆಯೆಂದರೆ ಅಶ್ಶೂರ ಸಾಮ್ರಾಜ್ಯದ ರಾಜಧಾನಿ, ಕ್ರಿ. ಪೂ. ೭೨೨ರಲ್ಲಿ ಇಸ್ರಾಯೇಲಿನ ಉತ್ತರರಾಜ್ಯವನ್ನು ನಿರ್ನಾಮ ಮಾಡಿದ ಸಾಮ್ರಾಜ್ಯವದು. ಯೋನನು ತದ್ವಿರುದ್ಧ ದಿಕ್ಕಿಗೆ ಹಡಗು ಹತ್ತುತ್ತಾನೆ. ಬಿರುಗಾಳಿ, ಸಮುದ್ರಕ್ಕೆಸೆಯುವಿಕೆ, ಮೀನಿನ ಹೊಟ್ಟೆಯಲ್ಲಿ ಮೂರು ದಿನ—ಇವು ಎಲ್ಲರಿಗೂ ತಿಳಿದ ಭಾಗ. ತಿಳಿಯದೆ ಉಳಿದಿರುವುದು ಉತ್ತರಾರ್ಧ. ಕಡೆಗೆ ಯೋನನು ನಿನೆವೆಗೆ ಹೋಗಿ, ನಲವತ್ತು ದಿನಗಳಲ್ಲಿ ಪಟ್ಟಣ ನಾಶವಾಗುವುದೆಂದು ಸಾರುತ್ತಾನೆ. ಜನರು ನಂಬಿ ಪಶ್ಚಾತ್ತಾಪಪಡುತ್ತಾರೆ, ಅರಸನು ಸಿಂಹಾಸನವನ್ನಿಳಿದು ಗೋಣಿತಟ್ಟನ್ನುಟ್ಟು ಬೂದಿಯಲ್ಲಿ ಕುಳಿತುಕೊಳ್ಳುತ್ತಾನೆ, ದನಕುರಿಗಳಿಗೂ ಉಪವಾಸ. ದೇವರು ಮನಸ್ಸನ್ನು ಬದಲಿಸಿ ಪಟ್ಟಣವನ್ನು ಉಳಿಸುತ್ತಾನೆ.

ಆಗ ಯೋನನಿಗೆ ಬಂದುದು ಸಂತೋಷವಲ್ಲ, ಕೋಪ. ನೀನು ಕರುಣಾಳುವೆಂದು ಬಲ್ಲೆನಾದುದರಿಂದಲೇ ಮೊದಲು ಓಡಿಹೋದೆನು ಎಂದು ಅವನು ದೇವರಲ್ಲಿ ಜಗಳವಾಡುತ್ತಾನೆ. ಶತ್ರುವಿಗೆ ಕ್ಷಮೆ ದೊರೆತೀತೆಂಬುದೇ ಅವನ ಭಯವಾಗಿತ್ತು. ಪಟ್ಟಣದ ಹೊರಗೆ ಗುಡಿಸಲು ಹಾಕಿಕೊಂಡು, ಮುಂದೇನಾಗುವುದೋ ನೋಡೋಣವೆಂದು ಕೂತವನಿಗೆ ನೆರಳಾಗಿ ದೇವರು ಒಂದು ಸೋರೆಗಿಡವನ್ನು ಬೆಳೆಯಿಸಿ, ಮರುದಿನ ಹುಳುವನ್ನು ಕಳುಹಿಸಿ ಅದನ್ನು ಒಣಗಿಸುತ್ತಾನೆ. ಗಿಡಕ್ಕಾಗಿ ಯೋನನು ಮರುಗುತ್ತಾನೆ. ಅದಕ್ಕೆ ದೇವರು ಕೇಳುವ ಪ್ರಶ್ನೆಯೊಡನೆ ಗ್ರಂಥವೇ ಮುಗಿದುಹೋಗುತ್ತದೆ: ನೆಟ್ಟು ಬೆಳೆಸದ ಗಿಡಕ್ಕಾಗಿ ನಿನಗಿಷ್ಟು ಮರುಕವಾದರೆ, ಎಡಗೈ ಬಲಗೈ ತಿಳಿಯದ ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರೂ ಬಹಳ ಪಶುಗಳೂ ಇರುವ ಪಟ್ಟಣಕ್ಕಾಗಿ ನಾನು ಮರುಗಬಾರದೇ ಎಂಬುದು ಅದರ ಭಾವ. ಯೋನನ ಉತ್ತರವನ್ನು ಗ್ರಂಥಕಾರನು ಬರೆಯಲಿಲ್ಲ. ಯೆಹೂದ್ಯರು ತಮ್ಮ ಪ್ರಾಯಶ್ಚಿತ್ತದ ಮಹಾದಿನದ ಅಪರಾಹ್ನದಲ್ಲಿ ಈ ಗ್ರಂಥವನ್ನು ಇಂದಿಗೂ ಪಠಿಸುತ್ತಾರೆ; ಸ್ವಜನರ ಪಾಪನಿವೇದನೆಯ ದಿನದಂದು ಶತ್ರುಗಳಿಗೆ ದೊರೆತ ಕ್ಷಮೆಯನ್ನು ನೆನೆಯುವುದು ಸಾಮಾನ್ಯವಾದ ಔದಾರ್ಯವಲ್ಲ.

ಯೇಸುವಿನ ಬೋಧನೆಯು ಈ ಎಳೆಯನ್ನೇ ಹಿಡಿದು ಮುಂದುವರಿಯುತ್ತದೆ. ಸೂರ್ಯನ ಬೆಳಕೂ ಮಳೆಯೂ ಒಳ್ಳೆಯವರು ಕೆಟ್ಟವರೆಂದು ಆರಿಸಿ ಬೀಳುವುದಿಲ್ಲವೆಂಬ ದೃಷ್ಟಾಂತ, ಗಾಯಗೊಂಡವನನ್ನು ಉಪಚರಿಸಿದ ಸಮಾರ್ಯದವನ ಕಥೆ, ರೋಮನ್ ಶತಾಧಿಪತಿಯ ನಂಬಿಕೆಯನ್ನು ಹೊಗಳಿದ ಮಾತು, ಇವೆಲ್ಲ ಪ್ರಸಿದ್ಧವಾದವು. ಅಷ್ಟು ಪ್ರಸಿದ್ಧವಲ್ಲದ ಪ್ರಸಂಗವೊಂದನ್ನು ಲೂಕನು ಹೇಳುತ್ತಾನೆ. ಸ್ವಂತ ಊರಾದ ನಜರೇತಿನ ಸಭಾಮಂದಿರದಲ್ಲಿ ಯೇಸುವಿನ ಮಾತನ್ನು ಜನರು ಮೊದಲು ಮೆಚ್ಚಿ ಕೇಳುತ್ತಿದ್ದರು. ಹಿಂದೆ ಕ್ಷಾಮ ಬಂದಾಗ ಎಲೀಯನೆಂಬ ಪ್ರವಾದಿಯು ಇಸ್ರಾಯೇಲಿನ ವಿಧವೆಯರಲ್ಲಿಗೆ ಹೋಗದೆ ಪರದೇಶದ ಒಬ್ಬ ವಿಧವೆಯ ಬಳಿಗೆ ಹೋದನೆಂದೂ, ಇಸ್ರಾಯೇಲಿನಲ್ಲಿ ಕುಷ್ಠರೋಗಿಗಳು ಎಷ್ಟೋ ಮಂದಿಯಿದ್ದರೂ ಸಿರಿಯದ ನಾಮಾನನೊಬ್ಬನಿಗೆ ಗುಣವಾಯಿತೆಂದೂ ಯೇಸು ನೆನಪು ಮಾಡಿಕೊಟ್ಟ ಕೂಡಲೇ, ಮೆಚ್ಚಿದ್ದ ಜನರೇ ಎದ್ದು ಅವನನ್ನು ಗುಡ್ಡದಿಂದ ಕೆಳಗೆ ದಬ್ಬಲು ಕೊಂಡೊಯ್ದರು. ಅನ್ಯರ ಮೇಲಣ ಕರುಣೆಯು ಸ್ವಜನರಿಗೆ ಅಪಮಾನವಾಗಿ ತೋರಿತು. ದುಂದುಗಾರ ಮಗನ ಕಥೆಯ ಹಿರಿಯಣ್ಣನದೂ ಯೋನನದೂ ಇದೇ ಕೋಪ.

ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದ ತೀರ್ಪಿನ ಚಿತ್ರವು ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಸಕಲ ಜನಾಂಗಗಳು ನಿಂತಿರುವಾಗ ಕೇಳುವ ಪ್ರಶ್ನೆ ನಂಬಿಕೆಯದಲ್ಲ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಸೆರೆಯಲ್ಲಿದ್ದವನ ಭೇಟಿ. ಅನುಗ್ರಹ ಹೊಂದಿದವರು, ತಾವು ಕ್ರಿಸ್ತನಿಗೆ ಇವನ್ನೆಲ್ಲ ಯಾವಾಗ ಮಾಡಿದೆವೆಂದು ಆಶ್ಚರ್ಯಪಡುತ್ತಾರೆ. ಅವರಿಗೇ ತಿಳಿದಿರಲಿಲ್ಲ! ಇದರ ಜೊತೆಗೆ, ಧರ್ಮಶಾಸ್ತ್ರವಿಲ್ಲದ ಅನ್ಯಜನರಿಗೂ ಅದರ ವಿಧಿಯು ಹೃದಯದಲ್ಲಿ ಲಿಖಿತವಾಗಿದೆಯೆಂದು ರೋಮಾಪುರದವರಿಗೆ ಪೌಲನು ಬರೆದುದನ್ನೂ, ಕ್ರಿಸ್ತನು ಪ್ರಾಣಕೊಟ್ಟುದು ಮಿತ್ರರಿಗಾಗಿಯಲ್ಲ, ಇನ್ನೂ ವೈರಿಗಳಾಗಿದ್ದವರಿಗಾಗಿ ಎಂದು ಅದೇ ಪತ್ರದಲ್ಲಿ ವಾದಿಸಿದುದನ್ನೂ ಇಟ್ಟು ನೋಡಬೇಕು. ಎದುರುಪಕ್ಷಕ್ಕೂ ಆಧಾರಗಳಿಲ್ಲದಿಲ್ಲ. ನಂಬದವನಿಗೆ ದಂಡನೆಯೆಂಬ ಮಾತು ಮಾರ್ಕನ ಸುವಾರ್ತೆಯ ಕೊನೆಯಲ್ಲಿಯೂ ಇದೆ. ಶಾಸ್ತ್ರವು ಎರಡನ್ನೂ ಉಳಿಸಿಕೊಂಡಿತು. ಹೊಂದಿಸುವ ಕೆಲಸ ಆಚಾರ್ಯರ ಪಾಲಿಗೆ ಬಂದಿತು.

ಆದಿಕಾಲದ ಆಚಾರ್ಯರಲ್ಲಿ ಔದಾರ್ಯವೇ ಹೆಚ್ಚು. ಎರಡನೆಯ ಶತಮಾನದ ಜಸ್ಟಿನನು ದೇವರ ವಾಕ್ಕು ಬೀಜರೂಪದಲ್ಲಿ ಎಲ್ಲ ಜನರಲ್ಲಿಯೂ ಬಿತ್ತಲ್ಪಟ್ಟಿದೆಯೆಂದೂ, ವಿವೇಕಾನುಸಾರವಾಗಿ ಬಾಳಿದ ಸಾಕ್ರಟೀಸನಂಥವರು ಕ್ರಿಸ್ತನಿಗಿಂತ ಮುಂಚೆಯೇ ಕ್ರೈಸ್ತರೆಂದೂ ಹೇಳಿದನು. ಮೂರನೆಯ ಶತಮಾನದ ಒರಿಜೆನನು ಅಂತ್ಯದಲ್ಲಿ ಎಲ್ಲ ಜೀವರೂ ದೇವರಲ್ಲಿಗೆ ಮರಳಬಹುದೆಂದು ಊಹಿಸಿದನು; ಆ ಊಹೆಯು ಆರನೆಯ ಶತಮಾನದಲ್ಲಿ ಖಂಡನೆಗೆ ಗುರಿಯಾಯಿತು. ಸಭೆಯ ಹೊರಗೆ ರಕ್ಷಣೆಯಿಲ್ಲವೆಂಬ ಸೂತ್ರಕ್ಕೆ ಕಾರಣನಾದವನು ಕಾರ್ಥೇಜಿನ ಸಿಪ್ರಿಯಾನನು. ಇವನು ೨೫೮ರಲ್ಲಿ ಹುತಾತ್ಮನಾದನು. ಇವನ ದೃಷ್ಟಿಯಲ್ಲಿದ್ದವರು ಸುವಾರ್ತೆಯನ್ನು ಕೇಳದ ದೂರದೇಶದವರಲ್ಲ, ಸಭೆಯನ್ನು ಒಡೆದು ಹೊರನಡೆದ ಸ್ವಜನರು. ಒಳಗಿನವರಿಗೆ ಕೊಟ್ಟ ಎಚ್ಚರಿಕೆಯು ಹೊರಗಿನವರ ಮೇಲಣ ತೀರ್ಪಾದುದು ಆಮೇಲೆ. ಸಾಮ್ರಾಜ್ಯವೇ ಕ್ರೈಸ್ತವಾದಾಗ, ಸುವಾರ್ತೆ ಎಲ್ಲೆಡೆಯೂ ಮುಟ್ಟಿದೆ, ಇನ್ನೂ ನಂಬದಿರುವವನು ಹಟದಿಂದಲೇ ನಂಬದವನು ಎಂಬ ಭಾವನೆ ಬೇರೂರಿತು.

ಅಗಸ್ಟೀನನ (೩೫೪–೪೩೦) ಪ್ರಭಾವವು ಈ ಕಾಠಿನ್ಯವನ್ನು ತತ್ತ್ವವಾಗಿಸಿತು. ಮನುಷ್ಯಕುಲವೆಲ್ಲ ಆದಿಪಾಪದಿಂದ ದಂಡನೆಗೆ ಅರ್ಹವಾದುದು. ಅದರಲ್ಲಿ ಕೆಲವರನ್ನು ಉಳಿಸುವುದೇ ಕರುಣೆ, ಉಳಿದವರ ವಿಷಯದಲ್ಲಿ ನ್ಯಾಯಕ್ಕೆ ಲೋಪವಿಲ್ಲ ಎಂದು ಅವನ ವಾದ. ದೀಕ್ಷಾಸ್ನಾನವಿಲ್ಲದೆ ಸತ್ತ ಹಸುಳೆಗಳಿಗೂ ದಂಡನೆಯುಂಟು, ಅತ್ಯಂತ ಸೌಮ್ಯವಾದುದಷ್ಟೆ ಎಂದು ಬರೆಯುವ ಮಟ್ಟಕ್ಕೆ ಅವನ ತರ್ಕವು ಅವನನ್ನು ಒಯ್ದಿತು. ತನ್ನ ಪಾಪಗಳನ್ನು ಅಷ್ಟು ಆರ್ದ್ರವಾಗಿ ನಿವೇದಿಸಿಕೊಂಡ ಮಹಾನುಭಾವನು ಇಲ್ಲಿ ಕರುಣೆಯನ್ನು ಅಳೆದು ಕೊಟ್ಟುದು ವಿಷಾದದ ಸಂಗತಿ. ಅವನ ಸಂಪ್ರದಾಯದ ಫುಲ್ಜೆಂಟಿಯಸನು ಆರನೆಯ ಶತಮಾನದಲ್ಲಿ ಅನ್ಯಮತೀಯರು, ಯೆಹೂದ್ಯರು, ಪಾಷಂಡಿಗಳು, ಸಭೆಯನ್ನು ಒಡೆದವರು ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ನಿತ್ಯಾಗ್ನಿಗೆ ಕಳುಹಿಸಿದನು. ೧೪೪೨ರಲ್ಲಿ ಫ್ಲಾರೆನ್ಸಿನ ಮಹಾಸಭೆಯು ಆ ಮಾತುಗಳನ್ನೇ ತನ್ನ ಶಾಸನಪತ್ರದಲ್ಲಿ ಸೇರಿಸಿಕೊಂಡಿತು. ಸೂತ್ರವು ಇದಕ್ಕಿಂತ ಕಠಿನವಾದ ರೂಪವನ್ನು ಹಿಂದೆಯೂ ಮುಂದೆಯೂ ತಾಳಿದುದಿಲ್ಲ.

ಅದಕ್ಕೆ ನೂರಿಪ್ಪತ್ತು ವರ್ಷಗಳ ಹಿಂದೆಯೇ, ಅದೇ ಫ್ಲಾರೆನ್ಸಿನಲ್ಲಿ ಹುಟ್ಟಿ ಅಲ್ಲಿಂದ ಗಡೀಪಾರಾದ ಕವಿಯೊಬ್ಬನು ಈ ಪ್ರಶ್ನೆಯಿಂದ ನೊಂದಿದ್ದನು. ದಾಂತೆಯ ಮಹಾಕಾವ್ಯದ ಸ್ವರ್ಗಖಂಡದಲ್ಲಿ, ಹತ್ತೊಂಬತ್ತನೆಯ ಸರ್ಗದಲ್ಲಿ, ಭಾರತೀಯ ವಾಚಕರು ಕ್ಷಣಕಾಲ ನಿಲ್ಲಬೇಕಾದ ಸ್ಥಳವೊಂದಿದೆ. ಸಿಂಧೂನದಿಯ ದಡದಲ್ಲಿ ಹುಟ್ಟಿದ ಒಬ್ಬ ಮನುಷ್ಯನನ್ನು ಕವಿ ಕಲ್ಪಿಸುತ್ತಾನೆ. ಅಲ್ಲಿ ಕ್ರಿಸ್ತನ ವಿಷಯ ಹೇಳುವವರಿಲ್ಲ, ಓದಿಸುವವರಿಲ್ಲ, ಬರೆಯುವವರಿಲ್ಲ. ಆ ಮನುಷ್ಯನ ನಡೆಯೂ ಬಯಕೆಯೂ ಮನುಷ್ಯಬುದ್ಧಿ ಕಾಣುವಷ್ಟು ಮಟ್ಟಿಗೆ ನಿರ್ದೋಷವಾದವು. ಅವನು ದೀಕ್ಷೆಯಿಲ್ಲದೆ ಸಾಯುತ್ತಾನೆ. ಅವನನ್ನು ದಂಡಿಸುವ ನ್ಯಾಯ ಯಾವುದು? ಅವನ ತಪ್ಪಾದರೂ ಏನು? ಮಧ್ಯಯುಗದ ಯುರೋಪಿನ ಅತಿ ದೊಡ್ಡ ಕವಿಯು ತನ್ನ ಮತದ ಅತಿ ದೊಡ್ಡ ಸಂಶಯವನ್ನು ಒಬ್ಬ ಭಾರತೀಯನ ಹೆಸರಿನಲ್ಲಿ ಮುಂದಿಟ್ಟನು.

ಧರ್ಮಾತ್ಮರಾದ ಅರಸರ ಆತ್ಮಗಳಿಂದಾದ ಗರುಡಾಕೃತಿಯೊಂದು ಇದಕ್ಕೆ ಉತ್ತರ ಕೊಡುತ್ತದೆ. ಮೊದಲ ಉತ್ತರ ಗದರಿಕೆಯದು: ಅಂಗೈಯಗಲದಷ್ಟೂ ದೂರ ಕಾಣದ ಕಣ್ಣಿನಿಂದ ಸಾವಿರ ಹರಿದಾರಿಯ ಆಚೆಗೆ ತೀರ್ಪು ಕೊಡಲು ನೀನಾರು? ಎರಡನೆಯದು ಸ್ವಜನರಿಗೆ ಚಾಟಿ: ಕ್ರಿಸ್ತನ ಹೆಸರನ್ನು ಕೂಗುವ ಎಷ್ಟೋ ಮಂದಿ ಕಡೆಯ ದಿನದಲ್ಲಿ, ಆ ಹೆಸರನ್ನೇ ಅರಿಯದವರಿಗಿಂತ ಕ್ರಿಸ್ತನಿಗೆ ದೂರವಾಗಿ ನಿಂತಾರು. ಮೂರನೆಯ ಉತ್ತರವು ಮಾತಲ್ಲ, ದೃಶ್ಯ. ಮುಂದಿನ ಸರ್ಗದಲ್ಲಿ ಆ ಗರುಡನ ಹುಬ್ಬಿನಲ್ಲಿ ಹೊಳೆಯುವ ಆತ್ಮಗಳ ನಡುವೆ ಇಬ್ಬರು ಅನ್ಯಮತೀಯರಿದ್ದಾರೆ: ರೋಮಿನ ಚಕ್ರವರ್ತಿ ಟ್ರಾಜನ್ ಮತ್ತು ಟ್ರಾಯ್ ಪಟ್ಟಣದ ರಿಫೇಯುಸ್. ಈ ರಿಫೇಯುಸನು ವರ್ಜಿಲ್ ಕವಿಯ ಕಾವ್ಯದಲ್ಲಿ ಒಂದೆರಡು ಸಾಲುಗಳಲ್ಲಿ ಬಂದುಹೋಗುವ ನ್ಯಾಯಪರನಾದ ಯೋಧ. ಅವನನ್ನು ಸೃಷ್ಟಿಸಿದ ವರ್ಜಿಲನಾದರೋ, ದಾಂತೆಯ ಪ್ರಿಯಗುರುವಾಗಿಯೂ, ನರಕದ ಮೊದಲ ಆವರಣದಲ್ಲಿ ಆಶೆಯಿಲ್ಲದ ಹಂಬಲದಲ್ಲಿ ಉಳಿದುಬಿಡುತ್ತಾನೆ. ಪಾತ್ರವು ಒಳಗೆ, ಕವಿಯು ಹೊರಗೆ! ಇದನ್ನು ಅಸಂಗತವೆಂದು ಕೆಲವರು ಹೇಳಿದ್ದಾರೆ. ಕರುಣೆಯು ಯಾವ ಲೆಕ್ಕಕ್ಕೂ ಸಿಕ್ಕುವುದಲ್ಲವೆಂದು ತೋರಿಸುವುದೇ ದಾಂತೆಯ ಉದ್ದೇಶವಾಗಿದ್ದಿತೆಂದು ತಿಳಿಯುವುದು ಹೆಚ್ಚು ಯುಕ್ತವಾಗಿದೆ.

೧೪೯೨ರ ನಂತರ ಈ ಕಲ್ಪಿತ ಮನುಷ್ಯನು ನಿಜವಾಗಿಯೇ ಎದುರಿಗೆ ಬಂದು ನಿಂತನು. ಹದಿನೈದು ಶತಮಾನಗಳಿಂದ ಸುವಾರ್ತೆಯ ಸುದ್ದಿಯೇ ತಿಳಿಯದ ಖಂಡಗಳು ಕಂಡುಬಂದ ಮೇಲೆ, ನಂಬದವನೆಲ್ಲ ಹಟಮಾರಿಯೆಂಬ ಹಳೆಯ ಊಹೆ ಕುಸಿಯಿತು. ೧೫೩೯ರಲ್ಲಿ ಸ್ಪೇನಿನ ಸಾಲಮಾಂಕದಲ್ಲಿ ಉಪನ್ಯಾಸ ಕೊಟ್ಟ ವಿಟೋರಿಯನು ಒಂದು ತೀಕ್ಷ್ಣವಾದ ಮಾತನ್ನು ಹೇಳಿದನು: ಅಮೆರಿಕದ ಮೂಲನಿವಾಸಿಗಳಿಗೆ ಸುವಾರ್ತೆಯು ತಲುಪಿದ ರೀತಿಯಲ್ಲಿ ಸಚ್ಚರಿತ್ರೆಯ ದೃಷ್ಟಾಂತಗಳಿಗಿಂತ ಕ್ರೌರ್ಯದ ಸುದ್ದಿಗಳೇ ಹೆಚ್ಚಾಗಿರುವುದರಿಂದ, ಅವರು ನಂಬದಿದ್ದುದು ಪಾಪವೆಂದು ಹೇಳಲಾಗುವುದಿಲ್ಲ. ಕಿವಿಗೆ ಬಿದ್ದಮಾತ್ರಕ್ಕೆ ಕೇಳಿದಂತಾಗಲಿಲ್ಲ ಎಂಬ ಈ ವಿವೇಕವು ಬಹಳ ದೂರ ಹೋಗತಕ್ಕುದಾಗಿತ್ತು.

ಇದೇ ಕಾಲದಲ್ಲಿ ಜಪಾನಿನಲ್ಲಿ ನಡೆದ ಸಂಗತಿಯು ಯಾವ ಪಂಡಿತರ ವಾದಕ್ಕಿಂತಲೂ ಮನಸ್ಸನ್ನು ಕಲಕುತ್ತದೆ. ಇಂದು ಗೋವೆಯಲ್ಲಿ ಯಾರ ಪಾರ್ಥಿವ ಶರೀರವಿದೆಯೋ ಆ ಫ್ರಾನ್ಸಿಸ್ ಝೇವಿಯರರು ೧೫೪೯ರಿಂದ ೧೫೫೧ರವರೆಗೆ ಅಲ್ಲಿ ಬೋಧಿಸಿದರು. ಹಿಂದಿರುಗಿದ ಮೇಲೆ ೧೫೫೨ರ ಜನವರಿಯಲ್ಲಿ ಕೊಚ್ಚಿಯಿಂದ ಯುರೋಪಿಗೆ ಬರೆದ ಪತ್ರದಲ್ಲಿ ಅವರೇ ಇದನ್ನು ತಿಳಿಸಿದ್ದಾರೆ. ದೇವರು ಅಷ್ಟು ಒಳ್ಳೆಯವನಾದರೆ ಇಷ್ಟು ಕಾಲ ತಮಗೇಕೆ ತಿಳಿಯಪಡಿಸಲಿಲ್ಲವೆಂದು ಜಪಾನೀಯರು ಕೇಳಿದರು. ಅದಕ್ಕೆ ಝೇವಿಯರರ ಉತ್ತರ ಪೌಲನದೇ: ಬೋಧಕರು ಬರುವ ಮೊದಲೇ ಕೊಲ್ಲಬಾರದು, ಕದಿಯಬಾರದು ಎಂಬ ದೈವವಿಧಿಯು ಎಲ್ಲರ ಹೃದಯದಲ್ಲಿಯೂ ಇದ್ದಿತು. ಎರಡನೆಯ ಪ್ರಶ್ನೆ ಬೇರೆ. ಸತ್ತುಹೋದ ತಮ್ಮ ತಂದೆತಾಯಿಗಳು, ಅಜ್ಜಂದಿರು, ಮಕ್ಕಳು ಎಲ್ಲಿದ್ದಾರೆ? ದಾನದಿಂದಲೋ ಪ್ರಾರ್ಥನೆಯಿಂದಲೋ ಅವರನ್ನು ಬಿಡಿಸಲಾಗದೇ? ಅವರಿಗೆ ಪರಿಹಾರವಿಲ್ಲವೆಂದು ಝೇವಿಯರರು ಹೇಳಬೇಕಾಯಿತು. ಹೊಸದಾಗಿ ದೀಕ್ಷೆ ಪಡೆದವರು ಅತ್ತರು. ಪರಿಹಾರವಿಲ್ಲದ ವಿಷಯಕ್ಕಾಗಿ ತಮಗೆ ಪ್ರಿಯರಾದವರು ಅಳುವುದನ್ನು ಕಂಡು ತಮಗೂ ದುಃಖವಾಯಿತೆಂದು ಝೇವಿಯರರು ಬರೆದಿದ್ದಾರೆ.

ಒಂದೇ ಪತ್ರದ ಈ ಎರಡು ಉತ್ತರಗಳು ಪರಸ್ಪರ ಹೊಂದುವುದಿಲ್ಲ. ಹೃದಯದಲ್ಲಿ ದೈವವಿಧಿ ಬರೆದಿದ್ದ ಅಜ್ಜಂದಿರಲ್ಲಿ ಒಬ್ಬನಾದರೂ ಅದನ್ನು ಪಾಲಿಸಿರಬಾರದೇ? ಪಿತೃಗಳ ಋಣವನ್ನು ಧರ್ಮದ ಮೂಲದಲ್ಲಿಯೇ ಇರಿಸಿಕೊಂಡಿರುವ ಭಾರತದಂಥ ದೇಶದಲ್ಲಿ ಈ ಅಳುವಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮತಾಂತರ ಹೊಂದಿದವನಿಗೆ ರಕ್ಷಣೆಯ ಬೆಲೆಯಾಗಿ ಹಿರಿಯರಿಂದ ನಿತ್ಯವಿಯೋಗವನ್ನು ಒಪ್ಪಿಕೊಳ್ಳಬೇಕಾಗಿ ಬಂದಿತು. ಆ ಬೆಲೆಯನ್ನು ಕೇಳುವವನು ಕರುಣಾಮಯನಾದ ದೇವರೇ, ಅಥವಾ ದೇವರ ವಿಷಯದಲ್ಲಿ ಮನುಷ್ಯರು ಕಟ್ಟಿದ ತರ್ಕವೇ?

ಪ್ರಾಟೆಸ್ಟಂಟ್ ಪಂಥಗಳಲ್ಲಿ ಪ್ರಶ್ನೆಯು ಬೇರೆ ರೂಪ ತಾಳಿತು. ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿಯು ಸ್ವರ್ಗದಲ್ಲಿ ಸಾಕ್ರಟೀಸನನ್ನೂ ಹರ್ಕ್ಯುಲಿಸನನ್ನೂ ಕಾಣುವ ಆಶೆಯನ್ನು ತೋರಿದಾಗ ಲೂಥರನಿಗೆ ರೋಷವುಂಟಾಯಿತು. ಕ್ಯಾಲ್ವಿನನು ಕೆಲವರು ರಕ್ಷಣೆಗೂ ಕೆಲವರು ನಾಶಕ್ಕೂ ದೇವಸಂಕಲ್ಪದಿಂದಲೇ ಮೊದಲೇ ಗೊತ್ತಾಗಿರುವರೆಂದನು. ಉಡುಪಿಯ ಆಚಾರ್ಯರ ಸಿದ್ಧಾಂತದ ಮುಕ್ತಿಯೋಗ್ಯ, ನಿತ್ಯಸಂಸಾರಿ, ತಮೋಯೋಗ್ಯರೆಂಬ ಜೀವತ್ರೈವಿಧ್ಯವನ್ನು ಬಲ್ಲ ಕನ್ನಡಿಗರಿಗೆ ಇದು ಪರಿಚಿತವೆಂದು ತೋರಬಹುದು. ಆದರೆ ಮಧ್ವರಲ್ಲಿ ಗತಿಯು ಜೀವನ ಅನಾದಿಸ್ವಭಾವವನ್ನು ಅನುಸರಿಸುವುದು, ಕ್ಯಾಲ್ವಿನನಲ್ಲಿ ದೇವರ ನಿರ್ಣಯವನ್ನು. ಇದಕ್ಕೆ ಎದುರಾಗಿ, ಮನುಷ್ಯನು ತಿರುಗುವ ಮೊದಲೇ ಅವನನ್ನು ಅರಸಿಕೊಂಡು ಬರುವ ಕೃಪೆಯೊಂದು ಎಲ್ಲರಲ್ಲಿಯೂ ಕೆಲಸ ಮಾಡುತ್ತಿದೆಯೆಂದು ಹದಿನೆಂಟನೆಯ ಶತಮಾನದಲ್ಲಿ ವೆಸ್ಲಿಯು ಬೋಧಿಸಿದನು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ನಂಬದವರ ಗತಿಯ ವಿಷಯದಲ್ಲಿ ನಿಷ್ಠುರವಾದಿಗಳೇ. ಆ ಚಿಂತೆಯೇ ಅವರನ್ನು ಕಡಲು ದಾಟಿಸಿತು. ಆದರೂ ಅದೇ ಮಿಷನ್ನಿನ ಮೋಗ್ಲಿಂಗರು ೧೮೫೦ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಅವರ ಸಿದ್ಧಾಂತಕ್ಕಿಂತ ಅವರ ಕಿವಿ ವಿಶಾಲವಾಗಿದ್ದಿತು.

ರೋಮಿನ ಸಭೆಯು ಈ ನಡುವೆ ಒಂದು ವಿಚಿತ್ರವಾದ ಮಾರ್ಗವನ್ನು ಹಿಡಿಯಿತು. ಹಳೆಯ ದಸ್ತಾವೇಜಿನ ಕಲಮನ್ನು ಹೊಡೆದುಹಾಕದೆ ಅದರ ವ್ಯಾಖ್ಯೆಯನ್ನು ಹಿಗ್ಗಿಸುತ್ತ ಹೋಗುವ ಮಾರ್ಗವದು. ೧೫೪೭ರಲ್ಲಿ ಟ್ರೆಂಟಿನ ಮಹಾಸಭೆಯು ದೀಕ್ಷಾಸ್ನಾನದ ಜೊತೆಗೆ ಅದರ ಬಯಕೆಯೂ ಸಾಕೆಂಬುದಕ್ಕೆ ಎಡೆಮಾಡಿಕೊಟ್ಟಿತು. ೧೭೧೩ರಲ್ಲಿ ಪೋಪ್ ಹನ್ನೊಂದನೆಯ ಕ್ಲೆಮೆಂಟರು, ಸಭೆಯ ಹೊರಗೆ ಕೃಪೆಯೇ ಇಲ್ಲವೆಂಬ ಮಾತನ್ನು ಖಂಡನೀಯವೆಂದು ಸಾರಿದರು. ರಕ್ಷಣೆಯಿಲ್ಲವೆನ್ನುವುದು ಸೂತ್ರ, ಕೃಪೆಯಿಲ್ಲವೆನ್ನುವುದು ತಪ್ಪು! ೧೮೬೩ರಲ್ಲಿ ಒಂಬತ್ತನೆಯ ಪಯಸ್ಸರು, ತಮ್ಮ ತಪ್ಪಿಲ್ಲದೆ ಅಜ್ಞಾನದಲ್ಲಿದ್ದು ಧರ್ಮದಿಂದ ಬಾಳುವವರು ದೇವಕೃಪೆಯಿಂದ ನಿತ್ಯಜೀವವನ್ನು ಪಡೆಯಬಲ್ಲರೆಂದು ಬರೆದರು. ಅಮೆರಿಕದ ಬಾಸ್ಟನ್ ಬಳಿ ಲಿಯೊನಾರ್ಡ್ ಫೀನಿ ಎಂಬ ಪಾದ್ರಿಯು ಹಳೆಯ ಅಕ್ಷರಾರ್ಥವನ್ನೇ ಹಟದಿಂದ ಬೋಧಿಸಲು, ೧೯೪೯ರಲ್ಲಿ ರೋಮಿನಿಂದ ಆ ಅರ್ಥ ಸರಿಯಲ್ಲವೆಂಬ ಪತ್ರ ಬಂದಿತು. ಕರೆಗೆ ಓಗೊಡದ ಅವರಿಗೆ ೧೯೫೩ರಲ್ಲಿ ಬಹಿಷ್ಕಾರವಾಯಿತು. ಸಭೆಯ ಹೊರಗೆ ಯಾರಿಗೂ ರಕ್ಷಣೆಯಿಲ್ಲವೆಂದವರೇ ಸಭೆಯ ಹೊರಗೆ ನಿಲ್ಲಬೇಕಾಗಿ ಬಂದಿತು. ೧೯೭೨ರಲ್ಲಿ ಅವರನ್ನು ಮರಳಿ ಸೇರಿಸಿಕೊಳ್ಳಲಾಯಿತು, ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕೆಂಬ ಒತ್ತಾಯವಿಲ್ಲದೆ. ಕರುಣೆಗೆ ಎಡೆಯಿಲ್ಲವೆಂದವರಿಗೂ ಕರುಣೆ ತೋರಿದಂತಾಯಿತು.

೧೯೬೪ರ ನವಂಬರ್ ೨೧ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಸಭೆಯ ಸ್ವರೂಪವನ್ನು ಕುರಿತ ತನ್ನ ಶಾಸನವನ್ನು ಪ್ರಕಟಿಸಿತು. ಅದರ ಹದಿನಾರನೆಯ ಪರಿಚ್ಛೇದದಲ್ಲಿ ಯೆಹೂದ್ಯರು, ಮುಸಲ್ಮಾನರು, ಅಜ್ಞಾತ ದೇವರನ್ನು ಛಾಯಾರೂಪದಲ್ಲಿ ಅರಸುವವರು, ಕಡೆಗೆ ದೇವರ ಸ್ಪಷ್ಟಜ್ಞಾನಕ್ಕೆ ಇನ್ನೂ ಬಾರದೆ ಸದಾಚಾರದಲ್ಲಿ ಬಾಳಲೆತ್ನಿಸುವವರು—ಹೀಗೆ ಒಬ್ಬೊಬ್ಬರನ್ನಾಗಿ ಎಣಿಸಿ, ಅವರಾರಿಗೂ ರಕ್ಷಣೆಯ ದಾರಿ ಮುಚ್ಚಿಲ್ಲವೆಂದು ಹೇಳಿದೆ. ೧೪೪೨ರ ಪಟ್ಟಿಯ ಪಕ್ಕದಲ್ಲಿ ಈ ಪಟ್ಟಿಯನ್ನಿಟ್ಟು ನೋಡಿದರೆ ನಡೆದ ದೂರವು ತಿಳಿಯುತ್ತದೆ. ಅದು ಪ್ರಕಟವಾದ ಹನ್ನೊಂದನೆಯ ದಿನ, ಡಿಸೆಂಬರ್ ೨ರಂದು, ಆರನೆಯ ಪೌಲ್ ಪೋಪರು ಮುಂಬಯಿಗೆ ಬಂದಿಳಿದರು. ಭಾರತಕ್ಕೆ ಬಂದ ಮೊದಲ ಪೋಪರು ಅವರೇ. ಮರುದಿನ ಅನ್ಯಮತಗ��ಳ ಪ್ರತಿನಿಧಿಗಳನ್ನು ಕಂಡಾಗ, ಅಸತ್ತಿನಿಂದ ಸತ್ತಿನೆಡೆಗೆ ನಡೆಸೆಂದು ಬೇಡುವ ಬೃಹದಾರಣ್ಯಕೋಪನಿಷತ್ತಿನ ಪ್ರಾರ್ಥನೆಯನ್ನು ಅವರು ತಮ್ಮ ಭಾಷಣದಲ್ಲಿ ಉದ್ಧರಿಸಿದರು. ದಾಂತೆಯ ಪ್ರಶ್ನೆಗೆ ಉತ್ತರವು ಸಿಂಧೂತೀರಕ್ಕೆ ಬರದಿದ್ದರೂ ಅರಬ್ಬೀ ಸಮುದ್ರದ ತೀರದವರೆಗೆ ಬಂದಿತೆನ್ನಬಹುದು.

ಇದರಿಂದ ತೊಡಕುಗಳೆಲ್ಲ ಬಿಟ್ಟುವೆಂದಲ್ಲ. ಜರ್ಮನಿಯ ಕಾರ್ಲ್ ರಾನರರು ಇಂಥ ಸತ್ಪುರುಷರನ್ನು ‘ಹೆಸರಿಲ್ಲದ ಕ್ರೈಸ್ತರು’ ಎಂದು ಕರೆದರು. ಮಾತು ಉದಾರವಾದುದೇ; ಆದರೆ ತನ್ನ ಮತವನ್ನು ಬುದ್ಧಿಪೂರ್ವಕವಾಗಿ ನಂಬಿರುವ ಹಿಂದುವಿಗೋ ಬೌದ್ಧನಿಗೋ, ನೀನು ತಿಳಿಯದೆಯೇ ನಮ್ಮವನು ಎಂದರೆ ಅದು ಗೌರವವೇ? ಜಪಾನಿನ ನಿಶಿತಾನಿ ಎಂಬ ಬೌದ್ಧ ತತ್ತ್ವಜ್ಞರು, ಹಾಗಾದರೆ ನಿಮ್ಮನ್ನು ಹೆಸರಿಲ್ಲದ ಜೆನ್ ಬೌದ್ಧರೆಂದು ಕರೆಯಬಹುದೇ ಎಂದು ಕೇಳಿದರೆಂದೂ, ಅದನ್ನು ತಾವು ಗೌರವವೆಂದೇ ತಿಳಿದೆವೆಂದೂ ರಾನರರೇ ಬರೆದಿದ್ದಾರೆ. ಉತ್ತರ ಸೊಗಸಾಗಿದೆ, ಪ್ರಶ್ನೆಯ ಮೊನೆ ಅದರಿಂದ ಮೊಂಡಾಗಲಿಲ್ಲ. ಸಾರದೆಯೇ ರಕ್ಷಣೆಯುಂಟಾದರೆ ಸುವಾರ್ತೆಯನ್ನು ಸಾರುವುದೇಕೆ ಎಂಬುದು ಇನ್ನೊಂದು ಕಡೆಯಿಂದ ಬಂದ ಆಕ್ಷೇಪ. ೨೦೦೦ದಲ್ಲಿ ರೋಮಿನಿಂದ ಹೊರಟ ಪ್ರಕಟಣೆಯೊಂದು, ಅನ್ಯಮತೀಯರಿಗೆ ಕೃಪೆ ದೊರೆಯಬಹುದಾದರೂ ಅವರ ಸ್ಥಿತಿಯು ನ್ಯೂನವಾದುದೆಂದು ಮತ್ತೆ ಒತ್ತಿಹೇಳಿದುದಕ್ಕೆ ಈ ಆತಂಕವೇ ಕಾರಣ.

ಕೇಳಿಯೂ ತಿರಸ್ಕರಿಸಿದವನ ವಿಷಯವು ಅತಿ ಕಠಿನವಾದುದು. ಇಲ್ಲಿ ೧೯೬೫ರ ಡಿಸೆಂಬರಿನಲ್ಲಿ ಅದೇ ಮಹಾಸಭೆಯು ಹೇಳಿದ ಮಾತು ವಿಟೋರಿಯನ ದಾರಿಯಲ್ಲಿಯೇ ಇದೆ: ನಾಸ್ತಿಕತೆಯ ಹುಟ್ಟಿನಲ್ಲಿ ಆಸ್ತಿಕರ ಪಾಲೂ ಇರಬಹುದು, ತಮ್ಮ ನಡತೆಯಿಂದ ಅವರು ದೇವರ ಮುಖವನ್ನು ತೋರಿಸುವುದಕ್ಕೆ ಬದಲಾಗಿ ಮರೆಮಾಡಿರಬಹುದು. ತಿರಸ್ಕಾರಕ್ಕೆ ಗುರಿಯಾದುದು ದೇವರೋ, ದೇವರ ಹೆಸರಿನಲ್ಲಿ ಬಂದ ಬೇರೊಂದೋ ಎಂಬುದನ್ನು ಹೊರಗಿನಿಂದ ಗೊತ್ತುಮಾಡುವುದು ಸಾಧ್ಯವಿಲ್ಲ. ಆದುದರಿಂದ ಈಚಿನ ಶಾಸನಗಳು ಯಾವ ಮನುಷ್ಯನನ್ನೂ ಹೆಸರಿಸಿ ನಷ್ಟನಾದನೆಂದು ಹೇಳುವುದಿಲ್ಲ. ಎಲ್ಲರೂ ಉಳಿದೇ ಉಳಿಯುವರೆಂದೂ ಹೇಳುವುದಿಲ್ಲ. ೨೦೦೭ರಲ್ಲಿ ರೋಮಿನ ದೇವತಾಶಾಸ್ತ್ರ ಮಂಡಲಿಯು ಅಗಸ್ಟೀನನ ಆ ಹಸುಳೆಗಳ ವಿಷಯವನ್ನು ಮತ್ತೆ ಕೈಗೆತ್ತಿಕೊಂಡಾಗಲೂ ಬಳಸಿದ ಶಬ್ದ ನಿಶ್ಚಯವೆಂದಲ್ಲ, ಭರವಸೆ ಎಂದು.

ಪಾಶ್ಚಾತ್ಯರ ಈ ದೀರ್ಘ ವ್ಯಾಜ್ಯದಿಂದ ದೂರವಾಗಿ, ಏಳನೆಯ ಶತಮಾನದಲ್ಲಿಯೇ, ಪೂರ್ವದ ಸಿರಿಯಾಕ್ ಭಾಷೆಯಲ್ಲಿ ಒಬ್ಬ ಸಂನ್ಯಾಸಿಯು ಬೇರೆಯೇ ಸ್ವರದಲ್ಲಿ ಬರೆದಿದ್ದನು. ಈಗಿನ ಕತಾರ್ ಪ್ರಾಂತದಲ್ಲಿ ಹುಟ್ಟಿ, ಐದೇ ತಿಂಗಳು ಬಿಷಪನಾಗಿದ್ದು, ಆ ಪದವಿಯನ್ನು ಬಿಟ್ಟು ಏಕಾಂತವನ್ನು ಸೇರಿದ ಐಸಾಕನು ಅವನು. ಕರುಣೆಯುಳ್ಳ ಹೃದಯವು ಮನುಷ್ಯರಿಗಾಗಿ, ಪಕ್ಷಿಗಳಿಗಾಗಿ, ಮೃಗಗಳಿಗಾಗಿ, ಸತ್ಯದ ವೈರಿಗಳಿಗಾಗಿ, ಪಿಶಾಚಗಳಿಗಾಗಿಯೂ ಉರಿಯುವುದೆಂದು ಅವನು ಹೇಳಿದನು. ೧೯೮೩ರಲ್ಲಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಸೆಬಾಸ್ಟಿಯನ್ ಬ್ರಾಕ್ ಎಂಬ ವಿದ್ವಾಂಸರು ಗುರುತಿಸಿದ ಅವನ ಕೃತಿಯ ಎರಡನೆಯ ಭಾಗದಲ್ಲಿ, ನರಕವೂ ನಿತ್ಯವಲ್ಲ, ಅದಕ್ಕೂ ಕರುಣೆಯ ಒಂದು ಅಂತ್ಯವುಂಟು ಎಂಬ ವಾದವು ದೊರೆಯಿತು. ಅವನು ಬಿಷಪನಾಗಿದ್ದ ಊರು ಯೋನನು ಕೋಪಿಸಿಕೊಂಡು ಹೊರಗೆ ಕುಳಿತ ಅದೇ ನಿನೆವೆ. ಅವನ ಸಭೆಯು ಐದನೆಯ ಶತಮಾನದಿಂದಲೇ ರೋಮಿನಿಂದ ಬೇರ್ಪಟ್ಟುದು. ೧೪೪೨ರ ಪಟ್ಟಿಯ ಪ್ರಕಾರ ಅವನೂ ಹೊರಗಿನವನೇ. ೨೦೨೪ರ ನವಂಬರಿನಲ್ಲಿ ಪೋಪ್ ಫ್ರಾನ್ಸಿಸರು ಅವನ ಹೆಸರನ್ನು ರೋಮಿನ ಸಭೆಯ ಸಂತರ ನಾಮಾವಳಿಯಲ್ಲಿ ಸೇರಿಸಿದರು.